ತೆರೆಯ ಹಿಂದಿನ ಲೆಕ್ಕ: ಓದುಗರು ಕೇಳಿದ್ದು, ನಾವು ಹೇಳಿದ್ದು

ಸಿನಿಮಾ ಯಾಕೆ ಹೀಗಿರುತ್ತದೆ, ಅದನ್ನು ಹೀಗೆ ಮಾಡುವವರು ಯಾರು ಎಂಬ ಬಗ್ಗೆ ಪ್ರಶ್ನೆ ಕಳಿಸಿರಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪತ್ರ ಬಂದಿವೆ. ಒಂದೇ ಥರದವನ್ನು ಕೂಡಿಸಿ ಉತ್ತರಿಸಿದ್ದೇವೆ. ಲೆಕ್ಕಗಳಲ್ಲಿ ಹಿಡಿದಿರುವ ಬಾಡಿಗೆ, ಟಿಕೆಟ್ ದರ, ಖರ್ಚು ಎಲ್ಲ ಉದಾಹರಣೆಗೆ ಮಾತ್ರ. ನಿಮ್ಮೂರಿನ ಅಂಕಿ ಹಾಕಿಕೊಂಡು ನೀವೂ ಲೆಕ್ಕ ಮಾಡಿ ನೋಡಬಹುದು.

ಹೋದ ತಿಂಗಳು ನಮ್ಮೂರಿಗೆ ಒಂದು ಚಲೋ ಕನ್ನಡ ಪಿಚ್ಚರ್ ಬಂದಿತ್ತು. ನೋಡಿದವರೆಲ್ಲ ಹೊಗಳಿದ್ರು. ಮುಂದಿನ ವಾರ ಮನಿಮಂದಿ ಎಲ್ಲಾ ಹೋಗೂಣು ಅನ್ನೂದ್ರಾಗ ಗುರುವಾರಕ್ಕ ತೆಗೆದೇ ಬಿಟ್ರು. ಚಲೋ ಪಿಚ್ಚರ್ ಎರಡನೇ ವಾರ ಕಾಣೂದಿಲ್ಲ ಅಂದ್ರ ಹೆಂಗ್ರಿ?
ಕಿರಾಣಿ ವ್ಯಾಪಾರಿ, ಗೋಕಾಕ

ತೆಗೆದದ್ದು ಗುರುವಾರ, ತೆಗೆಯಬೇಕೆಂದು ಗೊತ್ತುಮಾಡಿದ್ದು ಸೋಮವಾರ. ಪ್ರತಿ ಆಟ ಮುಗಿದ ಮೇಲೆ ಎಷ್ಟು ಟಿಕೆಟ್ ಹೋದವು, ಎಷ್ಟು ದುಡ್ಡು ಬಂತು ಎಂದು ಟಾಕೀಸಿನವರು ಹಂಚಿಕೆದಾರರಿಗೆ ತಿಳಿಸುತ್ತಾರೆ. ದಿನದ ಕೊನೆಗೆ ಅದೆಲ್ಲ ಸೇರಿ ಒಂದು ಹಾಳೆಯಾಗುತ್ತದೆ. ಅದಕ್ಕೆ ಡಿಸಿಆರ್ ಅನ್ನುತ್ತಾರೆ. ಶುಕ್ರ, ಶನಿ, ರವಿ ಮೂರು ದಿನದ ಡಿಸಿಆರ್ ಜೊತೆಗೆ ಸೋಮವಾರದ ಬೆಳಗಿನ ಆಟದ ಅಂಕಿ ಬಂದರೆ ಸಾಕು, ಮುಂದಿನ ಶುಕ್ರವಾರ ಆ ಪರದೆ ಯಾರಿಗೆ ಎಂಬ ಮಾತುಕತೆ ಶುರುವಾಗುತ್ತದೆ.

ಯಾಕೆ ಇಷ್ಟು ಅವಸರ ಎಂಬುದಕ್ಕೆ ಒಂದು ಲೆಕ್ಕ. 400 ಸೀಟಿನ ಟಾಕೀಸು, ದಿನಕ್ಕೆ 4 ಆಟ, ವಾರಕ್ಕೆ 28 ಆಟ. ಅಂದರೆ ವಾರಕ್ಕೆ 11,200 ಸೀಟು. ಟಿಕೆಟ್ 80 ರೂಪಾಯಿ, ಅದರ ಮೇಲೆ 5 ಶೇಕಡಾ ಜಿಎಸ್‌ಟಿ 4 ರೂಪಾಯಿ, ಪ್ರೇಕ್ಷಕ ಕೊಡುವುದು 84. (100 ರೂಪಾಯಿವರೆಗಿನ ಟಿಕೆಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ 5 ಶೇಕಡಾ, ಅದಕ್ಕೂ ಮೊದಲು 12 ಇತ್ತು.) ಆ 4 ರೂಪಾಯಿ ಸರ್ಕಾರಕ್ಕೆ. ಹಂಚಿಕೊಳ್ಳಲು ಉಳಿಯುವುದು 80.

ಟಾಕೀಸಿನ ವಾರದ ಬಾಡಿಗೆ 1,20,000 ಎಂದು ಹಿಡಿಯಿರಿ. ಬಾಡಿಗೆ ಪದ್ಧತಿಯಲ್ಲಿ ಈ ಮೊತ್ತವನ್ನು ಟಾಕೀಸಿಗೆ ಕೊಡುವವರು ನಿರ್ಮಾಪಕರು ಇಲ್ಲವೇ ಹಂಚಿಕೆದಾರರು. ಜನ ಬಂದರೂ ಕೊಡಬೇಕು, ಬರದಿದ್ದರೂ ಕೊಡಬೇಕು. ಸೀಟು 60 ಶೇಕಡಾ ತುಂಬಿದರೆ 6,720 ಟಿಕೆಟ್, 5,37,600 ರೂಪಾಯಿ. ಬಾಡಿಗೆ ಕಳೆದು 4,17,600 ಉಳಿಯಿತು. 20 ಶೇಕಡಾ ತುಂಬಿದರೆ 1,79,200 ಬಂದು, ಬಾಡಿಗೆ ಕಳೆದು 59,200. ಅದರಲ್ಲೇ ಪೋಸ್ಟರ್, ಊರಾಗ ತಿರುಗುವ ಪ್ರಚಾರದ ಆಟೊ, ಡಿಜಿಟಲ್ ಪ್ರದರ್ಶನದ ಶುಲ್ಕ, ಹಂಚಿಕೆದಾರರ ಕಮಿಷನ್ ಎಲ್ಲ ಹೋಗಬೇಕು. ಇನ್ನು 10 ಶೇಕಡಾ ಮಾತ್ರ ತುಂಬಿದರೆ ಬರುವುದು 89,600. ಬಾಡಿಗೆಗೇ 30,400 ಕೈಯಿಂದ ಹಾಕಬೇಕು. ನಿಮ್ಮೂರಿನ ಚಿತ್ರಕ್ಕೆ ಆದದ್ದು ಬಹುಶಃ ಇದೇ. ಪರದೆಯಿಂದ ಚಿತ್ರ ತೆಗೆದುಹಾಕಿದವರು ಟಾಕೀಸಿನವರು ಎಂದು ನಾವು ಬೈಯುತ್ತೇವೆ. ಎಷ್ಟೋ ಸಲ ಇನ್ನೊಂದು ವಾರದ ಬಾಡಿಗೆ ಕಟ್ಟಲಾಗದೆ ನಿರ್ಮಾಪಕರೇ ಹಿಂದೆ ಸರಿದಿರುತ್ತಾರೆ.

ಶೇಕಡಾವಾರು ಪದ್ಧತಿಯಲ್ಲಾದರೆ ಬಂದದ್ದರಲ್ಲಿ ಪಾಲು. ಅರ್ಧರ್ಧ ಎಂದು ಹಿಡಿದರೆ 10 ಶೇಕಡಾ ತುಂಬಿದಾಗಲೂ ನಿರ್ಮಾಪಕರಿಗೆ 44,800 ಸಿಗುತ್ತದೆ, ಆದರೆ ಟಾಕೀಸಿನವರಿಗೂ ಅಷ್ಟೇ. ಕರೆಂಟ್ ಬಿಲ್ಲು, ಕೆಲಸಗಾರರ ಪಗಾರ ಅದರಲ್ಲಿ ಏಳುವುದಿಲ್ಲ. ಎರಡೂ ಪದ್ಧತಿ ಸಮವಾಗುವುದು ವಾರದ ಗಳಿಕೆ 2,40,000 ಆದಾಗ, ಅಂದರೆ 3,000 ಟಿಕೆಟ್, ಸುಮಾರು 27 ಶೇಕಡಾ ಸೀಟು. ಅದಕ್ಕಿಂತ ಹೆಚ್ಚು ತುಂಬುವ ಭರವಸೆ ಇರುವ ದೊಡ್ಡ ನಟರ ಚಿತ್ರಕ್ಕೆ ಬಾಡಿಗೆ ಲಾಭ, ಸಣ್ಣ ಚಿತ್ರಕ್ಕೆ ಶೇಕಡಾವಾರು ಲಾಭ. ನಿರ್ಮಾಪಕರೂ ಪ್ರದರ್ಶಕರೂ ಈ ವಿಷಯಕ್ಕೆ ವರ್ಷಾನುಗಟ್ಟಲೆ ಜಗ್ಗಾಡುತ್ತಿರುವುದು ಇದೇ ಕಾರಣಕ್ಕೆ.

ಈಗ ಇದು ಕಥೆಗೆ ಏನು ಮಾಡುತ್ತದೆ ನೋಡಿ. ಮೂರೇ ದಿನದಲ್ಲಿ ತೀರ್ಪು ಎಂದಮೇಲೆ ನಿರ್ಮಾಪಕರು ಮೂರು ದಿನಕ್ಕೆ ಬೇಕಾದದ್ದರ ಮೇಲೆ ದುಡ್ಡು ಸುರಿಯುತ್ತಾರೆ: ನಾಯಕನ ಪ್ರವೇಶದ ದೃಶ್ಯ, ಟೀಸರಿಗೆ ಒದಗುವ ಹೊಡೆದಾಟ, ಮೊಬೈಲಿನಲ್ಲಿ ಓಡಾಡುವ ಒಂದು ಹಾಡು. ನಿಧಾನಕ್ಕೆ ಒಳಗಿಳಿಯುವ ಕಥೆ ಬಾಯಿಂದ ಬಾಯಿಗೆ ಹಬ್ಬಲು ಎರಡು ವಾರ ಬೇಕು. ಆ ಎರಡು ವಾರದ ಬಾಡಿಗೆ ಯಾರ ಹತ್ತಿರ ಇದೆ? ಆದ್ದರಿಂದ ನಿಮಗೆ ನಮ್ಮ ವಿನಂತಿ, ಇಂಥ ಚಿತ್ರ ಬಂದರೆ ಶುಕ್ರವಾರವೋ ಶನಿವಾರವೋ ಹೋಗಿರಿ. ಮೊದಲ ಮೂರು ದಿನ ಹರಿದ ಒಂದು ಟಿಕೆಟ್ ಎರಡನೇ ವಾರದ ನಾಲ್ಕು ಟಿಕೆಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಶುಕ್ರವಾರ ಮುಂಜಾನೆ ಆಟಕ್ಕ ಹೋದ್ವಿ. ಟಿಕೆಟ್ ಕೊಟ್ಟು ಒಳಗ ಕುಂದ್ರಿಸಿ, ಒಂದು ತಾಸಿನ ಮ್ಯಾಲೆ 'ಕೀ ಬಂದಿಲ್ಲ' ಅಂತ ರೊಕ್ಕ ಹೊಳ್ಳಿ ಕೊಟ್ರು. ಏನದು ಕೀ?
ಸೀರೆ ನೇಕಾರ, ಇಳಕಲ್

ಈಗ ರೀಲಿನ ಡಬ್ಬಿ ಬರುವುದಿಲ್ಲ. ಚಿತ್ರ ಡಿಸಿಪಿ ಎಂಬ ಬೀಗ ಹಾಕಿದ ಕಡತವಾಗಿ ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬಂದು ಟಾಕೀಸಿನ ಸರ್ವರಿನಲ್ಲಿ ಕೂತಿರುತ್ತದೆ. ಆ ಬೀಗ ತೆಗೆಯುವ ಕೀಗೆ ಕೆಡಿಎಂ ಎಂದು ಹೆಸರು. ಒಂದು ಕೆಡಿಎಂ ಒಂದೇ ಟಾಕೀಸಿನ ಒಂದೇ ಸರ್ವರಿಗೆ, ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನ ಇಷ್ಟು ಗಂಟೆಯವರೆಗೆ ಮಾತ್ರ ನಡೆಯುತ್ತದೆ. ಇಳಕಲ್ಲಿನ ಕೀ ಹುನಗುಂದದಲ್ಲಿ ನಡೆಯುವುದಿಲ್ಲ.

ಕೀ ತಡವಾಗಲು ಎರಡು ಕಾರಣ. ಒಂದು ತಾಂತ್ರಿಕ: ಟಾಕೀಸಿನವರು ಸರ್ವರ್ ಬದಲಿಸಿ ಹೊಸ ನಂಬರ್ ಕೊಟ್ಟಿರುವುದಿಲ್ಲ, ಇಲ್ಲವೇ ಸರ್ವರಿನ ಗಡಿಯಾರ ತಪ್ಪಿರುತ್ತದೆ. ಇನ್ನೊಂದು ದುಡ್ಡಿನದು, ಹೆಚ್ಚು ನಡೆಯುವುದು ಇದೇ. ಚಿತ್ರಕ್ಕೆ ಬಡ್ಡಿಗೆ ಸಾಲ ಕೊಟ್ಟ ಫೈನಾನ್ಶಿಯರ್ ಬಿಡುಗಡೆಗೆ ಮೊದಲೇ ತನ್ನ ಬಾಕಿ ತೀರಬೇಕೆಂದು ಕರಾರು ಮಾಡಿಕೊಂಡಿರುತ್ತಾನೆ. ರೀಲಿನ ಕಾಲದಲ್ಲಿ ಲ್ಯಾಬಿನವರು ಪ್ರಿಂಟು ತಡೆಹಿಡಿಯುತ್ತಿದ್ದರು, ಈಗ ಕೀ ತಡೆಹಿಡಿಯುತ್ತಾರೆ. ಗುರುವಾರ ರಾತ್ರಿಯೆಲ್ಲ ಫೋನು ನಡೆದು, ಯಾರೋ ಒಬ್ಬರು ಜಾಮೀನು ನಿಂತು, ಬೆಳಿಗ್ಗೆ ಹನ್ನೊಂದಕ್ಕೆ ಕೀ ಬರುತ್ತದೆ. ಆ ಒಂದು ಆಟ ಹೋದರೆ ಮೊದಲ ದಿನದ ಡಿಸಿಆರ್ ಹೋಯಿತು, ಮೇಲಿನ ಗೋಕಾಕದ ಲೆಕ್ಕ ಇಲ್ಲಿಂದಲೇ ಕೆಡುತ್ತದೆ.

ಎಲ್ಲ ಪಿಚ್ಚರಿನ್ಯಾಗೂ ನಟ್ಟನಡುವ ಒಂದು ದೊಡ್ಡ ತಿರುವು ಬಂದು ಇಂಟರ್ವಲ್ ಯಾಕ? ಈಗೀಗ ಪಿಚ್ಚರ್ ಸಣ್ಣೂ ಆಗ್ಯಾವ.
ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಇಂಟರ್ವಲ್ಲಿನಲ್ಲಿ ಮಾರುವ ಚಹಾ, ಪಾಪ್‌ಕಾರ್ನ್, ಮಿರ್ಚಿಯ ದುಡ್ಡು ಪೂರ್ತಿ ಟಾಕೀಸಿನದು, ನಿರ್ಮಾಪಕರಿಗೆ ಪಾಲಿಲ್ಲ. ಇಂಟರ್ವಲ್ ಇಲ್ಲದ ಚಿತ್ರ ಪ್ರದರ್ಶಕರಿಗೆ ಬೇಡ. ಅದಕ್ಕೇ ಕಥೆ ಬರೆಯುವವರು ಮೊದಲೇ 'ಇಂಟರ್ವಲ್ ಬ್ಲಾಕ್' ಎಂದು ಒಂದು ದೃಶ್ಯ ಕಟ್ಟಿ, ಆಮೇಲೆ ಅದರ ಹಿಂದುಮುಂದಿನ ಕಥೆ ಹೆಣೆಯುತ್ತಾರೆ.

ಉದ್ದದ ಲೆಕ್ಕ ಇನ್ನೂ ಸರಳ. 165 ನಿಮಿಷದ ಚಿತ್ರ, 15 ಇಂಟರ್ವಲ್, 10 ಜಾಹೀರಾತು, 15 ಜನ ಇಳಿದು ಕಸ ಗುಡಿಸಲು: ಒಟ್ಟು 205 ನಿಮಿಷ. 4 ಆಟಕ್ಕೆ 13 ಗಂಟೆ 40 ನಿಮಿಷ, ದಿನ ಮುಗಿಯಿತು. ಚಿತ್ರ 130 ನಿಮಿಷವಾದರೆ ಒಂದು ಆಟ 170 ನಿಮಿಷ, ಬೆಳಿಗ್ಗೆ ಒಂಬತ್ತೂವರೆಗೆ ಶುರುಮಾಡಿದರೆ 5 ಆಟ ಹಿಡಿಸುತ್ತವೆ. ಮಲ್ಟಿಪ್ಲೆಕ್ಸಿನವರಿಗೆ ಆ ಐದನೇ ಆಟ ಬೇಕು. ಸಂಕಲನಕಾರರ ಮೇಲೆ 'ಇನ್ನೊಂದು ಹತ್ತು ನಿಮಿಷ ತೆಗಿ' ಎಂಬ ಒತ್ತಡ ಬರುವುದು ಅಲ್ಲಿಂದ.

ಕನ್ನಡ ಚಿತ್ರಗಳಲ್ಲಿ ನಮ್ಮ ಭಾಗದ ಮಾತು ಹಾಸ್ಯನಟರ ಬಾಯಲ್ಲೋ ಖಳನ ಬಾಯಲ್ಲೋ ಮಾತ್ರ ಬರುತ್ತದೆ. ನಾಯಕ ವಿಜಯಪುರದಲ್ಲೇ ಹುಟ್ಟಿ ಬೆಳೆದವನಾದರೂ ಬೆಂಗಳೂರಿನ ಕನ್ನಡ ಮಾತಾಡುತ್ತಾನೆ. ಇದು ಅಸಡ್ಡೆಯೋ, ವ್ಯಾಪಾರವೋ?
ಕಾಲೇಜು ಅಧ್ಯಾಪಕಿ, ವಿಜಯಪುರ

ವ್ಯಾಪಾರವೆಂದು ಶುರುವಾಗಿ ರೂಢಿಯಾಗಿ ಕೂತ ಅಸಡ್ಡೆ ಎನ್ನುವುದು ನಮ್ಮ ಅಭಿಪ್ರಾಯ.

ಚಿತ್ರೋದ್ಯಮದವರು ರಾಜ್ಯವನ್ನು ಏರಿಯಾಗಳಾಗಿ ಹಂಚಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ, ದೊಡ್ಡ ತುಂಡು ಅದೇ. ನಮ್ಮ ಮೂರೂ ಜಿಲ್ಲೆ ಹುಬ್ಬಳ್ಳಿ ಹಂಚಿಕೆಗೆ ಬರುತ್ತವೆ. ಸರ್ಕಾರ 2021ರಲ್ಲಿ ಈ ಭಾಗವನ್ನು ಕಿತ್ತೂರು ಕರ್ನಾಟಕ ಎಂದು ಕರೆದಿದ್ದರೂ ಹಂಚಿಕೆದಾರರ ಬಾಯಲ್ಲಿ ಇನ್ನೂ 'ಬಾಂಬೆ ಕರ್ನಾಟಕ ಏರಿಯಾ'. ಚಿತ್ರ ಸೆಟ್ಟೇರುವ ಮೊದಲೇ ಯಾವ ಏರಿಯಾದಿಂದ ಎಷ್ಟು ಮುಂಗಡ ಬರಬಹುದು ಎಂದು ಗಾಂಧಿನಗರದಲ್ಲಿ ಲೆಕ್ಕ ಹಾಕುತ್ತಾರೆ. ಮಲ್ಟಿಪ್ಲೆಕ್ಸಿನ ದುಬಾರಿ ಟಿಕೆಟ್ಟಿನಿಂದ ಬಿಕೆಟಿಯ ಪಾಲು ಇನ್ನೂ ಉಬ್ಬಿದೆ. ನಾಯಕನ ಮಾತು ಆ ಪ್ರೇಕ್ಷಕನಿಗೆ ಒಂದು ಕ್ಷಣವೂ ತೊಡಕಾಗಬಾರದು ಎಂಬ ಅಂಜಿಕೆ ಇಲ್ಲಿಂದ ಹುಟ್ಟುತ್ತದೆ. ಹಾಸ್ಯನಟನ ಮಾತು ಬೇರೆಯಾಗಿದ್ದಷ್ಟೂ ನಗು ಬರುತ್ತದೆ ಎಂದು ನಮ್ಮ ಮಾತನ್ನು ಅವನಿಗೆ ಕೊಡುತ್ತಾರೆ. ನಗುವುದು ಮಾತಿಗೆ, ಮಾತಾಡುವ ಮಂದಿಗೆ ಅಲ್ಲ ಎಂದು ಅವರು ಹೇಳಬಹುದು. ಮುವ್ವತ್ತು ವರ್ಷ ಅದನ್ನೇ ನೋಡಿದ ಹುಡುಗರಿಗೆ ಆ ವ್ಯತ್ಯಾಸ ಉಳಿದಿರುವುದಿಲ್ಲ.

ಎರಡನೆಯದು ಡಬ್ಬಿಂಗ್ ಕೋಣೆಯ ಸಮಸ್ಯೆ. ಚಿತ್ರೀಕರಣದಲ್ಲಿ ನಟ 'ಏನು ಮಾಡ್ತಾ ಇದ್ದೀಯಾ' ಎಂದಿರುತ್ತಾನೆ, ಬಾಯಿ ಏಳು ಸಲ ಆಡಿರುತ್ತದೆ. ಆಮೇಲೆ ಕೋಣೆಯಲ್ಲಿ ಕೂತು ಅದರ ಮೇಲೆ 'ಏನ್ ಮಾಡಾಕತ್ತಿ' ಎಂದು ಕೂರಿಸಿದರೆ ಐದರಲ್ಲೇ ಮಾತು ಮುಗಿಯಿತು, ತುಟಿ ಇನ್ನೂ ಆಡುತ್ತಲೇ ಇದೆ. ಆಗ ಡಬ್ಬಿಂಗ್ ಕಲಾವಿದ ಎಳೆಯುತ್ತಾನೆ, ಇಲ್ಲವೇ ಒಂದು 'ಏನ್ಲೇ', ಒಂದು 'ರೀ' ಸೇರಿಸಿ ತುಂಬುತ್ತಾನೆ. ಪರದೆಯ ಮೇಲೆ ಕೇಳುವ ಆ ಎಳೆದಾಡುವ, ಪ್ರತಿ ಮಾತಿಗೂ 'ರೀ' ಹಚ್ಚಿದ ಕನ್ನಡ ಯಾವ ಊರಿನದೂ ಅಲ್ಲ. ಅದು ತುಟಿಗೆ ಮಾತು ಹೊಂದಿಸಲು ಹುಟ್ಟಿದ್ದು.

ಮಾತು ತೊಡಕಾಗುತ್ತದೆ ಎಂಬ ಅಂಜಿಕೆ ಸುಳ್ಳು ಎನ್ನುವುದಕ್ಕೆ ಎರಡು ಸಾಕ್ಷಿ. 1997ರ 'ನಾಗಮಂಡಲ'ಕ್ಕೆ ಗೋಪಾಲ ವಾಜಪೇಯಿ ಸಂಭಾಷಣೆ ಬರೆದದ್ದು ಉತ್ತರ ಕರ್ನಾಟಕದ ಮಾತಿನಲ್ಲೇ. ನಾಯಕ, ನಾಯಕಿ ಆ ಮಾತಿನಲ್ಲೇ ಪ್ರೀತಿಸಿದರು, ಅತ್ತರು, ಯಾರೂ ನಗಲಿಲ್ಲ. 2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಕರಾವಳಿಯ ಮಾತು, ಕರಾವಳಿಯ ದೈವ ಇಟ್ಟುಕೊಂಡು ಕನ್ನಡದಲ್ಲಷ್ಟೇ ತೆರೆಕಂಡು, ಎರಡು ವಾರದ ನಂತರ ಹಿಂದಿಗೆ ಡಬ್ ಆಗಿ ದೇಶ ಸುತ್ತಿತು. ವಿಜಯಪುರದಲ್ಲಿ ಅದನ್ನು ನೋಡಿದವರಿಗೆ ಆ ಮಾತು ತೊಡಕಾಗಲಿಲ್ಲ. ನಮ್ಮ ಮಾತು ಬೆಂಗಳೂರಿಗೆ ಯಾಕೆ ತೊಡಕಾಗಬೇಕು?

ಚಿತ್ರ ಮಾಡುವವರು ಈ ಪುಟ ಓದುತ್ತಿದ್ದರೆ ಇಷ್ಟು ಕೇಳಿಕೊಳ್ಳುತ್ತೇವೆ. ಶಿಷ್ಟ ಕನ್ನಡದಲ್ಲಿ ಬರೆದು ಆಮೇಲೆ 'ಉತ್ತರ ಕರ್ನಾಟಕಕ್ಕೆ ಬದಲಿಸುವ' ಕೆಲಸ ಬೇಡ, ಮೊದಲ ಕರಡಿನಿಂದಲೇ ಆ ಊರಿನವರು ಬರೆಯಲಿ. ನಮ್ಮದೂ ಒಂದೇ ಮಾತಲ್ಲ: ಬೆಳಗಾವಿಯ ಕನ್ನಡಕ್ಕೆ ಮರಾಠಿಯ ಸೊಗಡಿದೆ, ಸಿಂದಗಿ, ಇಂಡಿ ಕಡೆಯ ಮಾತಿಗೆ ಕಲಬುರಗಿಯ ಹತ್ತಿರದ ಛಾಯೆ ಇದೆ. ಅಣ್ಣ ಒಂದು ಥರ, ತಮ್ಮ ಒಂದು ಥರ ಮಾತಾಡಿದರೆ ನಮ್ಮ ಪ್ರೇಕ್ಷಕ ಮೊದಲ ರೀಲಿನಲ್ಲೇ ದೂರ ಸರಿಯುತ್ತಾನೆ. ನಟರಿಗೆ ಕನಿಷ್ಠ ಹತ್ತು ದಿನ ಮಾತಿನ ಓದು ಮಾಡಿಸಬೇಕು. ಸಾಧ್ಯವಾದರೆ ಸ್ಥಳದಲ್ಲೇ ಧ್ವನಿಮುದ್ರಣ ಮಾಡಿರಿ, ಇಲ್ಲದಿದ್ದರೆ ಅದೇ ನಟ ಡಬ್ ಮಾಡಲಿ.

ನಾನು ನಿರ್ದೇಶಕನಾಗಬೇಕೆಂದಿದ್ದೇನೆ. ಚಿತ್ರ ನಿರ್ದೇಶಕನದೋ, ನಿರ್ಮಾಪಕನದೋ? 'ಡೈರೆಕ್ಟರ್ಸ್ ಕಟ್' ಎಂದರೇನು?
ಪದವಿ ವಿದ್ಯಾರ್ಥಿ, ಬೆಳಗಾವಿ

ಕಾನೂನಿನ ಪ್ರಕಾರ ನಿರ್ಮಾಪಕನದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ 'ಕರ್ತೃ' ಎಂದರೆ ನಿರ್ಮಾಪಕ. ನಿರ್ದೇಶಕನ ಹೆಸರು ಆ ವ್ಯಾಖ್ಯೆಯಲ್ಲಿ ಇಲ್ಲ. ಕೊನೆಯ ಸಂಕಲನದ ಹಕ್ಕು ನಿಮಗೆ ಬೇಕೆಂದರೆ ಕರಾರಿನಲ್ಲಿ ಬರೆಸಿಕೊಳ್ಳಬೇಕು, ಬಾಯಿಮಾತಿಗೆ ಬೆಲೆ ಇಲ್ಲ.

ಅಮೆರಿಕದ ಸ್ಟುಡಿಯೋಗಳು ಈ ಅಧಿಕಾರವನ್ನು ಹೇಗೆ ನಡೆಸಿದವು ಎಂಬುದಕ್ಕೆ 1942ರ 'ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್' ಉದಾಹರಣೆ. ನಿರ್ದೇಶಕ ಆರ್ಸನ್ ವೆಲ್ಸ್ ಇನ್ನೊಂದು ಕೆಲಸಕ್ಕೆ ಬ್ರೆಜಿಲ್‌ನಲ್ಲಿದ್ದರು. ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನದಲ್ಲಿ ಪ್ರೇಕ್ಷಕರು ಬೇಸರಪಟ್ಟರೆಂದು ಆರ್‌ಕೆಒ ಸ್ಟುಡಿಯೋ 40ಕ್ಕೂ ಹೆಚ್ಚು ನಿಮಿಷ ಕತ್ತರಿಸಿ, ಸುಖಾಂತ್ಯವನ್ನು ಬೇರೆಯವರಿಂದ ಚಿತ್ರಿಸಿ ಅಂಟಿಸಿತು. ತೆರೆಗೆ ಬಂದದ್ದು 88 ನಿಮಿಷ. ಕತ್ತರಿಸಿದ ನೆಗೆಟಿವ್ ಅನ್ನು ಆಮೇಲೆ ನಾಶ ಮಾಡಿದರು, ಇವತ್ತಿಗೂ ಅದನ್ನು ಕೂಡಿಸಿ ನೋಡುವ ದಾರಿ ಇಲ್ಲ. 'ಬ್ಲೇಡ್ ರನ್ನರ್' ಅದೃಷ್ಟದ್ದು. 1982ರಲ್ಲಿ ಪರೀಕ್ಷಾ ಪ್ರದರ್ಶನದ ನಂತರ ಅದಕ್ಕೂ ಹಿನ್ನೆಲೆ ನಿರೂಪಣೆ, ಹಗುರಾದ ಮುಕ್ತಾಯ ಸೇರಿಸಿದ್ದರು, ಆದರೆ ಸಾಮಗ್ರಿ ಉಳಿದಿತ್ತು. ಆದ್ದರಿಂದಲೇ 1992ರಲ್ಲಿ 'ಡೈರೆಕ್ಟರ್ಸ್ ಕಟ್', 2007ರಲ್ಲಿ 'ಫೈನಲ್ ಕಟ್' ಸಾಧ್ಯವಾದವು. ನಿರ್ದೇಶಕರ ಇಚ್ಛೆಯಂತೆ ಮತ್ತೆ ಕೂಡಿಸಿದ ಆವೃತ್ತಿಗೆ ಡೈರೆಕ್ಟರ್ಸ್ ಕಟ್ ಎಂದು ಹೆಸರು.

ಸ್ಟುಡಿಯೋ ಮಾಡಿದ್ದೆಲ್ಲ ಕೇಡು ಎಂದು ತಿಳಿಯಬೇಡಿ. ತನ್ನ ದೃಶ್ಯದ ಮೇಲಿನ ಮೋಹದಿಂದ ನಿರ್ದೇಶಕರೇ ಚಿತ್ರ ಕೆಡಿಸಿದ ನಿದರ್ಶನ ಬೇಕಾದಷ್ಟಿವೆ. ನಿಮ್ಮ ಮೊದಲ ಕರಾರಿನಲ್ಲಿ ಐದು ಮಾತು ಇರಲಿ: ಮೊದಲ ಪೂರ್ಣ ಸಂಕಲನ ನಿಮ್ಮದೇ ಆಗಬೇಕು, ಅದಕ್ಕೆ ಇಷ್ಟು ವಾರ ಎಂದು ಅವಧಿ ಬೇಕು, ಆಮೇಲಿನ ಬದಲಾವಣೆಯನ್ನು ನಿಮಗೆ ತೋರಿಸಬೇಕು, ಸಂಭಾವನೆ ಸಹಿ, ಚಿತ್ರೀಕರಣದ ಆರಂಭ, ಅಂತ್ಯ, ಮೊದಲ ಪ್ರತಿ ಎಂದು ನಾಲ್ಕು ಕಂತಿನಲ್ಲಿ ಬರಬೇಕು, ಹೆಸರು ಎಲ್ಲಿ, ಹೇಗೆ ಬರುತ್ತದೆ ಎಂದು ಬರೆದಿರಬೇಕು.

ಪಿಚ್ಚರಿಗೆ 'ಎ' ಸರ್ಟಿಫಿಕೇಟ್ ಸಿಕ್ಕರ ನಿರ್ಮಾಪಕರು ಯಾಕ ಅಂಜತಾರ? ಹರೇದ ಹುಡುಗರು ಹೆಂಗೂ ಬರತಾರಲ್ಲ.
ಮೊಬೈಲ್ ಅಂಗಡಿ, ಸಿಂದಗಿ

ಟಾಕೀಸಿಗೆ ಹುಡುಗರು ಬರುತ್ತಾರೆ, ಟಿವಿಗೆ ಚಿತ್ರ ಹೋಗುವುದಿಲ್ಲ. 'ಎ' ಚಿತ್ರವನ್ನು ಟಿವಿಯಲ್ಲಿ ಹಾಗೇ ತೋರಿಸುವಂತಿಲ್ಲ, ಕತ್ತರಿಸಿ ಮತ್ತೆ, ಹಿರಿಯರ ಜೊತೆ ಮಕ್ಕಳೂ ನೋಡಬಹುದಾದ 'ಯುಎ' ಪಡೆಯಬೇಕು. ಕತ್ತರಿಸಿದ ಮೇಲೆ ಕಥೆ ತಿಳಿಯದಂತಾದರೆ ಚಾನೆಲಿನವರು ಬೆಲೆ ಇಳಿಸುತ್ತಾರೆ. ಆದ್ದರಿಂದ ಜಾಣ ನಿರ್ದೇಶಕರು ಹೊಡೆದಾಟದ ದೃಶ್ಯವನ್ನು ಚಿತ್ರೀಕರಿಸುವಾಗಲೇ ರಕ್ತ ಕಾಣುವ ಒಂದು ಕೋನ, ಕಾಣದ ಒಂದು ಕೋನ ಎಂದು ಎರಡೂ ತೆಗೆದಿಟ್ಟುಕೊಳ್ಳುತ್ತಾರೆ. 2023ರ ತಿದ್ದುಪಡಿಯಿಂದ 'ಯುಎ' ಒಳಗೇ 7+, 13+, 16+ ಎಂದು ಮೂರು ಮೆಟ್ಟಿಲಾಗಿವೆ.

ನಮ್ಮ ಭಾಗದಲ್ಲಿ ಎಂದಾದರೂ ಸಿನಿಮಾ ಸ್ಟುಡಿಯೋ ಇತ್ತೇ? ಹಳೆಯ ಕನ್ನಡ ಚಿತ್ರಗಳೆಲ್ಲ ಪೌರಾಣಿಕವೇ ಯಾಕೆ?
ನಿವೃತ್ತ ಶಿಕ್ಷಕರು, ಬಾಗಲಕೋಟೆ

ನಮ್ಮ ಮೂರು ಜಿಲ್ಲೆಯೊಳಗೆ ಹೆಸರು ಮಾಡಿದ ಸ್ಟುಡಿಯೋ ಇರಲಿಲ್ಲ, ಆದರೆ ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ಆಚೆ ಕೊಲ್ಹಾಪುರದಲ್ಲಿ ಇದ್ದವು. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ, 1934ರ 'ಸತಿ ಸುಲೋಚನಾ', ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಶುರುವಾದದ್ದೂ ಅದೇ ಊರಲ್ಲಿ, 1933ರಲ್ಲಿ ಪುಣೆಗೆ ಹೋಯಿತು. ಆ ಕಾಲದ ಕಂಪನಿಗಳಲ್ಲಿ ನಟ, ಛಾಯಾಗ್ರಾಹಕ, ಬಡಗಿ, ಎಲ್ಲರೂ ತಿಂಗಳ ಪಗಾರದ ಮೇಲೆ. ನಿಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, ಬಾಂಬೆ ಟಾಕೀಸಿನ 1943ರ 'ಕಿಸ್ಮತ್'ನಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದವರು. ವಿಜಯಪುರದ ಅಮೀರ್ ಟಾಕೀಸು ಅವರು ಕಟ್ಟಿಸಿದ್ದು.

ಪೌರಾಣಿಕಕ್ಕೆ ಬರೋಣ. ಕಂಪನಿ ನಾಟಕದಲ್ಲಿ ಕಥೆ, ಹಾಡು, ವೇಷ ಎಲ್ಲ ಸಿದ್ಧವಿದ್ದವು, ಜನಕ್ಕೂ ಗೊತ್ತಿದ್ದವು. ಮುಂದೆ ಕನ್ನಡ ಚಿತ್ರಗಳು ಮದ್ರಾಸಿನ ಬಾಡಿಗೆ ಸ್ಟುಡಿಯೋ ಸೇರಿದಾಗ ಇದು ಇನ್ನೂ ಗಟ್ಟಿಯಾಯಿತು. ಅರಮನೆ, ಗುಡಿ, ತಪೋವನದ ಸೆಟ್ಟು ಅಲ್ಲಿ ನಿಂತೇ ಇರುತ್ತಿತ್ತು. ಒಂದು ಭಾಷೆಗೆ ಹಾಕಿದ್ದು ಇನ್ನೊಂದಕ್ಕೂ ಒದಗುತ್ತಿತ್ತು. ಇಳಕಲ್ಲಿನ ಬೀದಿಯನ್ನೋ ಕೃಷ್ಣಾ ದಂಡೆಯ ಹೊಲವನ್ನೋ ಮದ್ರಾಸಿನಲ್ಲಿ ಕಟ್ಟಬೇಕೆಂದರೆ ಹೊಸ ಖರ್ಚು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಬಂದದ್ದು 1966ರಲ್ಲಿ, ಆಮೇಲೆ ಕ್ಯಾಮೆರಾ ಹಗುರಾಗಿ ಹೊರಾಂಗಣಕ್ಕೆ ಹೊರಟ ಮೇಲೆ ಊರು, ಕೇರಿ, ಹೊಲದ ಕಥೆ ತೆರೆಗೆ ಬಂದವು.

ಕಾರ ಹುಣ್ಣಿಮಿ ಕರಿ ಹರಿಯೂದನ್ನ, ಮತ್ತ ನಮ್ಮ ಮುಧೋಳ ನಾಯಿಯನ್ನ ಇಟ್ಟು ಪಿಚ್ಚರ್ ಮಾಡೂ ವಿಚಾರ ಐತಿ. ನಮ್ಮವೇ ಎತ್ತು, ನಮ್ಮದೇ ನಾಯಿ. ಪರವಾನಗಿ ಬೇಕೇನ್ರಿ?
ರೈತ ಯುವಕ, ಮುಧೋಳ

ಬೇಕು, ಚಿತ್ರೀಕರಣಕ್ಕೆ ಮೊದಲೇ ಬೇಕು. ಪ್ರಾಣಿ ನಿಮ್ಮದಾದರೂ ಕ್ಯಾಮೆರಾ ಮುಂದೆ ಬಂದ ಕೂಡಲೇ 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಕ್ಕೆ ಒಳಪಡುತ್ತದೆ. ಹರಿಯಾಣದ ಬಲ್ಲಭಗಡದಲ್ಲಿರುವ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಿ. ಅದರಲ್ಲಿ ಎಷ್ಟು ಎತ್ತು, ಯಾವ ದೃಶ್ಯದಲ್ಲಿ ಏನು ಮಾಡುತ್ತವೆ, ಎಲ್ಲಿ, ಯಾವ ದಿನ ಎಂದು ವಿವರ ಬೇಕು. ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಬೇಕು. ಚಿತ್ರೀಕರಣ ಮುಗಿದ ಮೇಲೆ ಮಂಡಳಿಯಿಂದ ನಿರಾಕ್ಷೇಪಣಾ ಪತ್ರ ಪಡೆದು ಸೆನ್ಸಾರ್ ಅರ್ಜಿಗೆ ಲಗತ್ತಿಸಬೇಕು. ಅದಿಲ್ಲದಿದ್ದರೆ ಆ ದೃಶ್ಯ ತೆಗೆಯಿರಿ ಎನ್ನುತ್ತಾರೆ.

ಹಳ್ಳಿಯ ಚಿತ್ರತಂಡಗಳು ಎಡವುವುದು ಇಲ್ಲೇ. ಹಬ್ಬ ವರ್ಷಕ್ಕೊಮ್ಮೆ, ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಮೊದಲು ಚಿತ್ರೀಕರಿಸಿ ಆಮೇಲೆ ಪತ್ರಕ್ಕೆ ಓಡಾಡುತ್ತಾರೆ. ಕಾರ ಹುಣ್ಣಿಮೆ ಜೂನ್ ಹೊತ್ತಿಗೆ ಬರುತ್ತದೆ, ನೀವು ಫೆಬ್ರುವರಿಯಲ್ಲೇ ಅರ್ಜಿ ಹಾಕಿ. ಬಾರುಕೋಲಿನಿಂದ ಹೊಡೆಯುವುದು, ಬಾಲ ತಿರುಚುವುದು ಕ್ಯಾಮೆರಾದಲ್ಲಿ ಬರಲೇಬಾರದು. ಕರಿ ಹರಿಯುವಾಗಿನ ಎತ್ತುಗಳ ಓಟದ ರಭಸವನ್ನು ಚಕ್ಕಡಿಯ ಗಾಲಿ, ಧೂಳು, ನೋಡುವವರ ಮುಖ, ಗಂಟೆಯ ಸದ್ದಿನಲ್ಲಿ ತೋರಿಸಬಹುದು. ಹಾಗೆ ಸಂಕಲನ ಮಾಡಿದ ಓಟ ಪರದೆಯ ಮೇಲೆ ಹೆಚ್ಚು ಜೋರಾಗಿಯೇ ಕಾಣುತ್ತದೆ.

ನಾವು ನಾಲ್ಕು ಜನ ಗೆಳೆಯರು ಕೂಡಿ 60 ಲಕ್ಷ ಹೊಂದಿಸಿದ್ದೇವೆ. ಬೆಳಗಾವಿ ಸುತ್ತಮುತ್ತಲೇ ಚಿತ್ರೀಕರಣ. ಯಾವುದಕ್ಕೆ ಎಷ್ಟು ಇಡಬೇಕು?
ಸಣ್ಣ ಉದ್ಯಮಿ, ಬೆಳಗಾವಿ

60 ಲಕ್ಷದ ಚಿತ್ರ ಮಾಡುತ್ತೇವೆ ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪಿತು. ಕೊನೆಯಿಂದ ಲೆಕ್ಕ ಹಾಕುತ್ತ ಬನ್ನಿ.

ಬಿಡುಗಡೆಗೆ 18 ಲಕ್ಷ ಬೇರೆ ಖಾತೆಯಲ್ಲಿಟ್ಟು ಮರೆತುಬಿಡಿ. ಬಾಡಿಗೆ, ಡಿಜಿಟಲ್ ಶುಲ್ಕ, ಪ್ರಚಾರ ಎಲ್ಲ ಅದರಲ್ಲಿ. ಸಂಕಲನ, ಧ್ವನಿ, ಬಣ್ಣ ತಿದ್ದುವುದು, ಸೆನ್ಸಾರ್‌ಗೆ 10 ಲಕ್ಷ. ಅನಿರೀಕ್ಷಿತಕ್ಕೆ 6 ಲಕ್ಷ. ಉಳಿದದ್ದು 26. ಅದರಲ್ಲಿ ಕಲಾವಿದರು, ತಂತ್ರಜ್ಞರು, ಬರವಣಿಗೆ, ಸಂಗೀತಕ್ಕೆ 11 ಹೋದರೆ ಚಿತ್ರೀಕರಣಕ್ಕೆ 15 ಲಕ್ಷ. 20 ದಿನಕ್ಕೆ ಹಂಚಿದರೆ ದಿನಕ್ಕೆ 75,000. ತಂಡದಲ್ಲಿ 45 ಮಂದಿ, ಊಟ ತಿಂಡಿ ಚಹಾ ತಲೆಗೆ 350 ಎಂದರೆ 15,750 ಬೆಳಗಾಗುವುದರೊಳಗೆ ಹೋಯಿತು. ಉಳಿದ 59,250ರಲ್ಲಿ ಕ್ಯಾಮೆರಾ, ಲೈಟು, ಜನರೇಟರ್, ಗಾಡಿ, ವಸತಿ.

ಈ ಅಂಕಿಯೇ ನಿಮ್ಮ ಕಥೆಯನ್ನು ತಿದ್ದುತ್ತದೆ. 80 ಪುಟದ ಚಿತ್ರಕಥೆ 20 ದಿನದಲ್ಲಿ ಎಂದರೆ ದಿನಕ್ಕೆ 4 ಪುಟ. ಒಂದು ಜಾಗದಿಂದ ಇನ್ನೊಂದಕ್ಕೆ ತಂಡ ಸಾಗಿದರೆ ಸಾಮಾನು ಕಟ್ಟಿ, ಇಳಿಸಿ, ಲೈಟು ನಿಲ್ಲಿಸಿ ಎರಡು ತಾಸು ಹೋಗುತ್ತದೆ. ದಿನಕ್ಕೆ ಎರಡು ಸಲ ಜಾಗ ಬದಲಿಸಿದರೆ 4 ಪುಟ ಆಗುವುದಿಲ್ಲ. ಆದ್ದರಿಂದ ಹದಿನೆಂಟು ಜಾಗ ಬರೆದಿದ್ದರೆ ಏಳಕ್ಕೆ ಇಳಿಸಿ. ಅಂಗಡಿಯಲ್ಲಿ ನಡೆಯುವ ಜಗಳ ಮನೆಯ ಪಡಸಾಲೆಯಲ್ಲಿ ನಡೆದರೆ ಕಥೆ ಕೆಡುತ್ತದೆಯೇ? ಎಷ್ಟೋ ಸಲ ಬಿಗಿಯಾಗುತ್ತದೆ. ಇಲ್ಲಿ ಕಡಿಮೆ ದುಡ್ಡು ಒಳ್ಳೆಯ ಸಂಪಾದಕನಂತೆ ಕೆಲಸ ಮಾಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ, ಖಾನಾಪುರ ಕಡೆ ಮಳೆ ನಂಬುವಂತಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಚಲೋ. ಕಬ್ಬಿನ ಹೊಲ ಬೇಕಿದ್ದರೆ ಆ ಹೊಲದ ಕಟಾವು ಯಾವಾಗ ಎಂದು ರೈತನನ್ನು ಕೇಳಿಯೇ ದಿನ ಗೊತ್ತುಮಾಡಿ. ಅರ್ಧ ದೃಶ್ಯ ತೆಗೆದು ಎಂಟು ದಿನ ಬಿಟ್ಟು ಹೋದರೆ ಕಬ್ಬು ಕಾರ್ಖಾನೆ ಸೇರಿರುತ್ತದೆ. ಬಿಡುಗಡೆಯನ್ನು ನಮ್ಮ ಕಡೆ ಬನಶಂಕರಿ ಜಾತ್ರೆಯ ಹೊತ್ತಿಗೆ ಇಡಬೇಡಿ, ಬಾಗಲಕೋಟೆ ಜಿಲ್ಲೆಯ ಮಂದಿ ಆಗ ರಾತ್ರಿಯೆಲ್ಲ ಕಂಪನಿ ನಾಟಕ ನೋಡುತ್ತಿರುತ್ತಾರೆ.

ಕಾಗದಪತ್ರದಲ್ಲಿ: ಬ್ಯಾನರ್ (ನಿರ್ಮಾಣ ಸಂಸ್ಥೆಯ ಹೆಸರು) ನೋಂದಣಿ, ಚಲನಚಿತ್ರ ವಾಣಿಜ್ಯ ಮಂಡಳಿಯ ಸದಸ್ಯತ್ವ, ಶೀರ್ಷಿಕೆ ನೋಂದಣಿ ಚಿತ್ರೀಕರಣಕ್ಕೆ ಮೊದಲೇ ಮುಗಿಸಿ. ಕಥೆ, ಸಂಭಾಷಣೆ, ಹಾಡು ಬರೆದವರಿಂದ ಹಕ್ಕು ವರ್ಗಾವಣೆಯ ಕರಾರು ಲಿಖಿತವಾಗಿ ಬೇಕು. ಗೆಳೆಯನೇ ಬರೆದರೂ ಬೇಕು, ಒಂದು ಸಹಿ ಇಲ್ಲದಿದ್ದರೂ ಒಟಿಟಿಯವರು, ಟಿವಿಯವರು ಚಿತ್ರ ಮುಟ್ಟುವುದಿಲ್ಲ. ಧ್ವನಿ ಮಿಶ್ರಣದ ದಿನ ಮಾತು ಬಿಟ್ಟು ಸಂಗೀತ, ಸದ್ದು ಮಾತ್ರ ಇರುವ ಪ್ರತ್ಯೇಕ ಟ್ರ್ಯಾಕ್ ಮಾಡಿಸಿಕೊಳ್ಳಿ. ಅದಿಲ್ಲದೆ ಹಿಂದಿ ಡಬ್ಬಿಂಗ್ ಹಕ್ಕು ಮಾರಲಾಗದು, ಆಮೇಲೆ ಮಾಡಿಸಲು ಮತ್ತೆ ಸ್ಟುಡಿಯೋ ಬಾಡಿಗೆ. ಪ್ರತಿ ರಾತ್ರಿ ಆ ದಿನದ ದೃಶ್ಯಗಳನ್ನು ಮೂರು ಡಿಸ್ಕಿಗೆ ನಕಲು ಮಾಡಿ, ಒಂದನ್ನು ಚಿತ್ರೀಕರಣದ ಜಾಗದಿಂದ ದೂರ, ನಾಲ್ವರಲ್ಲಿ ಒಬ್ಬರ ಮನೆಯ ತಿಜೋರಿಯಲ್ಲಿಡಿ. ಕ್ಯಾಮೆರಾದ ಕಾರ್ಡನ್ನು ಮೂರೂ ನಕಲು ತೆರೆದು ನೋಡುವ ತನಕ ಯಾರೂ ಅಳಿಸಬಾರದು. ಆ ಕೆಲಸಕ್ಕೆ ಒಬ್ಬರನ್ನೇ ನೇಮಿಸಿ, ಅವರಿಗೆ ಬೇರೆ ಕೆಲಸ ಹೇಳಬೇಡಿ.